ಬಿರುಕು ತುಂಬಿದ ಭಾನುವಾರಗಳು

ನಾನು ಮೂರು ವರ್ಷದವಳಿದ್ದಾಗ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಎಡಗಾಲು ಏಳಲಿಲ್ಲ. ಅದಕ್ಕೆ ಪೋಲಿಯೋ ಎನ್ನುತ್ತಾರೆಂದು ಬಾಗೂರಿನ ನಮ್ಮ ಮನೆಗೆ ತಿಳಿದದ್ದು ಎಷ್ಟೋ ದಿನಗಳಾದ ಮೇಲೆ. ಹೈಸ್ಕೂಲು ಸೇರುವ ತನಕ ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದುಕೊಂಡೇ ನಡೆದೆ. ಆಮೇಲೆ ದುರ್ಗದಲ್ಲಿ ನಡೆದ ಒಂದು ಶಿಬಿರದಲ್ಲಿ ಅಳತೆ ತೆಗೆದು ಕ್ಯಾಲಿಪರ್ ಕೊಟ್ಟರು. ಬೆಳೆದಂತೆಲ್ಲ ಬದಲಾಯಿಸಿದರು. ಕಾಲಿನ ಎರಡು ಪಕ್ಕಕ್ಕೂ ಉಕ್ಕಿನ ಸರಳು, ತೊಡೆಯನ್ನು ಸುತ್ತುವ ಅಗಲವಾದ ಚರ್ಮದ ಪಟ್ಟಿ, ಮಂಡಿಯ ಮುಂದೆ ಬಕಲ್ಲು ಹಾಕಿ ಬಿಗಿಯುವ ಅಂಗೈಯಗಲದ ಚರ್ಮದ ಕವಚ, ಕೆಳಗೆ ಸರಳುಗಳು ಬಂದು ಸೇರುವ ಬೂಟು. ಬೆಳಿಗ್ಗೆ ಎದ್ದು ಅದನ್ನು ಕಟ್ಟಿಕೊಂಡರೆ ನಾನು ನಿಲ್ಲುತ್ತಿದ್ದೆ, ಬಿಚ್ಚಿಟ್ಟರೆ ಗೋಡೆ ಹಿಡಿಯುತ್ತಿದ್ದೆ.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತು. ಊರಿನ ಮನೆಯಲ್ಲಿ ಆಗ ಅಣ್ಣ, ಅತ್ತಿಗೆ ಇದ್ದರು. ಅಪ್ಪ, ಅವ್ವ ಇಬ್ಬರೂ ಹೋಗಿಯಾಗಿತ್ತು. ದಿನಾ ಬಸ್ಸು ಹತ್ತಿ ಇಳಿಯುವುದು ನನ್ನಿಂದಾಗದೆಂದು ಹೊಳಲ್ಕೆರೆಯಲ್ಲೇ ರೂಮು ಹುಡುಕಿದೆ. ಸಿಕ್ಕಿದ್ದು ಗಂಡ ತೀರಿಕೊಂಡ, ವಯಸ್ಸಾದ ಹೆಂಗಸೊಬ್ಬರ ಮನೆ. ಅವರ ಮಗ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ. ಮಾತಾಡಲು ಹೋದ ದಿನ ಆಕೆ ಬಾಗಿಲಲ್ಲೇ ನಿಂತು ನನ್ನ ಬೂಟನ್ನು ನೋಡಿದರು.

"ಮೆಟ್ಟು ಹೊರಗೇ ಬಿಡ್ಬೇಕವ್ವಾ. ನಮ್ಮನ್ಯಾಗೆ ಲಿಂಗಪೂಜೆ ಐತೆ. ಚರ್ಮದ್ದು ಒಳಗೆ ತರಂಗಿಲ್ಲ."

ನಾನು ನೆರಿಗೆಯನ್ನು ಸ್ವಲ್ಪ ಎತ್ತಿ ಸರಳುಗಳನ್ನು ತೋರಿಸಿದೆ. "ಇದನ್ನ ಹೊರಗೆ ಬಿಟ್ರೆ ನಾನೂ ಹೊರಗೇ ಕುಂತ್ಕಬೇಕಾಗ್ತದಮ್ಮ" ಅಂದೆ.

ಆಕೆ ಸರಳುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ, "ಹಂಗಾದ್ರೆ ಮುಂದಿನ ರೂಮು ತಗಾ. ಅದಕ್ಕೆ ಬೇರೆ ಬಾಗ್ಲು ಐತೆ. ನಡುಮನೆಗೆ ಮಾತ್ರ ಬರ್ಬ್ಯಾಡ" ಅಂದರು.

ಹೀಗೆ ನನಗೂ ನಡುಮನೆಗೂ ನಡುವೆ ಒಂದು ಬಾಗಿಲು ಉಳಿಯಿತು. ಆಕೆ ಕೆಟ್ಟವರಲ್ಲ. ಹಬ್ಬದ ದಿನ ಹೋಳಿಗೆ ಕೊಡುತ್ತಿದ್ದರು, ಜ್ವರ ಬಂದರೆ ಗಂಜಿ ಕೊಡುತ್ತಿದ್ದರು, ದಿನಾ ಸಂಜೆ ನಾನು ಬರುವ ಹೊತ್ತಿಗೆ ಚಹಾ ಕೊಡುತ್ತಿದ್ದರು. ಎಲ್ಲವೂ ಆ ಬಾಗಿಲ ಹೊಸ್ತಿಲ ಮೇಲೆ ಬಂದು ಕೂರುತ್ತಿತ್ತು. ನಾನು ಈ ಕಡೆಯಿಂದ ತೆಗೆದುಕೊಳ್ಳುತ್ತಿದ್ದೆ, ತೊಳೆದ ಪಾತ್ರೆಯನ್ನು ಅಲ್ಲೇ ಇಡುತ್ತಿದ್ದೆ. ಕಚೇರಿಯಲ್ಲೂ ಅಷ್ಟೇ. ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಆದರೆ ಯಾರದಾದರೂ ಮದುವೆಗೋ ನಾಮಕರಣಕ್ಕೋ ಎಲ್ಲರೂ ವ್ಯಾನು ಮಾಡಿಕೊಂಡು ಹೊರಟಾಗ, "ನಿಮಗೆ ತೊಂದರೆ ಯಾಕೆ" ಎಂದು ನನ್ನನ್ನು ಬಿಟ್ಟು ಹೋಗುತ್ತಿದ್ದರು. ಅದು ಕಾಳಜಿಯೇ. ಆ ಕಾಳಜಿಯಿಂದಾಗಿ ನಾನು ಎಷ್ಟೋ ಮಧ್ಯಾಹ್ನಗಳನ್ನು ಖಾಲಿ ಕಚೇರಿಯಲ್ಲಿ ಟೈಪ್‌ರೈಟರಿನ ಮುಂದೆ ಒಬ್ಬಳೇ ಕಳೆದೆ.

ಒಂದು ಬೇಸಿಗೆಯಲ್ಲಿ, ಕುರ್ಚಿಯಿಂದ ಏಳುವಾಗ ಮಂಡಿಯ ಕವಚ ಹರಿಯಿತು. ಅದರಲ್ಲಿ ಬಿರುಕುಗಳು ಮೊದಲೇ ಇದ್ದವು. ಬೆವರು ಕುಡಿದು ಕುಡಿದು ಚರ್ಮ ಒಣಗಿದ ಕೆರೆಯ ತಳದಂತೆ ಒಡೆದಿತ್ತು. ಅವತ್ತು ಮೇಲಿನ ಬಕಲ್ಲಿನ ತೂತಿನಿಂದ ನಡುವಿನ ತನಕ ಸೀಳಿತು. ಯಾರಿಗೂ ಕಾಣದಂತೆ ಮೇಜಿನ ಕೆಳಗೆ ಕರ್ಚೀಫಿನಿಂದ ಬಿಗಿದು ಕಟ್ಟಿಕೊಂಡು ಕುಳಿತೆ. ಸಂಜೆ ಎಲ್ಲರೂ ಹೋದ ಮೇಲೆ, ಬೀಗ ಹಾಕಲು ಬಂದ ಜವಾನನಿಗೆ ಟೈಪಿಂಗ್ ಬಾಕಿಯಿತ್ತು ಎಂದು ಸುಳ್ಳು ಹೇಳಿ, ಗೋಡೆ ಕಾಂಪೌಂಡು ಹಿಡಿದುಕೊಂಡು ಮನೆಗೆ ಬಂದೆ.

ದುರ್ಗಕ್ಕೆ ಹೋಗಿ ವಿಚಾರಿಸಿದರೆ ಮುಂದಿನ ಶಿಬಿರ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನಿಂದ ಹೊಲಿಸಿಕೊಂಡೆ. ಹೊಲಿಗೆ ಗಟ್ಟಿಯಾಗಿತ್ತು, ಆದರೆ ಆ ದಾರದ ಏಣು ಮಂಡಿಯ ಮೇಲೆ ಉಜ್ಜಿ ಉಜ್ಜಿ ಹುಣ್ಣಾಯಿತು. ಚಪ್ಪಲಿಗಾದರೆ ಅಂಥ ಹೊಲಿಗೆ ನಡೆಯುತ್ತದೆ. ನನಗೆ ಬೇಕಾಗಿದ್ದದ್ದು ಹೊಲಿಗೆಯಲ್ಲ, ಸೀಳನ್ನು ತುಂಬಿ ಮತ್ತೆ ನುಣ್ಣಗೆ ಮಾಡುವ ಏನಾದರೂ ಆಗಿತ್ತು. ಹೊಲಿಗೆಯನ್ನು ಬಿಚ್ಚಿದೆ. ನಾನೇ ಮಾಡಿ ನೋಡುತ್ತೇನೆ ಎಂದುಕೊಂಡು ಒಂದು ಭಾನುವಾರ ಎರಡೂ ಬಾಗಿಲು ಹಾಕಿಕೊಂಡು ಕುಳಿತೆ.

ಮೊದಲು, ನಲ್ಲಿ ಪೈಪು ಸೋರಿದರೆ ಮೆತ್ತುವ ಎರಡು ಬಣ್ಣದ ಗಟ್ಟಿ ಅಂಟನ್ನು ಕಲಸಿ ಸೀಳಿಗೆ ತುಂಬಿದೆ. ನೋಡಲು ಚೆನ್ನಾಗಿತ್ತು. ಒಣಗಿ ಕಲ್ಲಾಯಿತು. ಸೋಮವಾರ ಕಚೇರಿ ತಲುಪುವಷ್ಟರಲ್ಲಿ ಮುರಿದು, ಅದರ ಚೂರು ನನ್ನ ಮಂಡಿಯ ಚರ್ಮದೊಳಕ್ಕೆ ಹೊಕ್ಕಿತ್ತು. ಆಮೇಲೆ ಮೇಣಕ್ಕೆ ಕಾಡಿಗೆ ಸೇರಿಸಿ ತುಂಬಿದೆ. ಆ ಬಿಸಿಲಿಗೆ ಅದು ಕರಗಿ ಲಂಗಕ್ಕೆಲ್ಲ ಮೆತ್ತಿಕೊಂಡಿತು. ಸೈಕಲ್ ಅಂಗಡಿಯಲ್ಲಿ ಪಂಕ್ಚರಿಗೆ ಹಚ್ಚುವ ಸಲ್ಯೂಷನ್ ಹಚ್ಚಿದರೆ ಅದು ಬಾಗುತ್ತಿತ್ತು, ಆದರೆ ಕವಚದ ಮೈಯೆಲ್ಲ ಗಂಟುಗಂಟಾಗುತ್ತಿತ್ತು. ಅಷ್ಟು ದಿನವೂ ಕರ್ಚೀಫು ಕಟ್ಟಿಕೊಂಡೇ ಓಡಾಡಿದೆ.

ಕೊನೆಗೆ ಸರಿಹೋದದ್ದು ಹೀಗೆ. ಚಪ್ಪಲಿ ಅಂಗಡಿಯಿಂದ ಕತ್ತರಿಸಿ ಬಿಸಾಡುವ ಚರ್ಮದ ಚೂರುಗಳನ್ನು ತಂದೆ. ಉಪ್ಪುಕಾಗದದಿಂದ ಉಜ್ಜಿದರೆ ಅವು ಕಾಫಿಪುಡಿಯಂಥ ಹುಡಿಯಾಗುತ್ತಿದ್ದವು. ಆ ಹುಡಿಯನ್ನು ಚಪ್ಪಲಿ ಅಂಟಿಸುವ ಹಳದಿ ಅಂಟಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದೆ. ಸೀಳಿನ ಒಳಮೈಗೆ ಹಳೆಯ ಸೀರೆಯ ತುಂಡನ್ನು ಆಸರೆಯಾಗಿ ಅಂಟಿಸಿ, ಹೊರಗಿನಿಂದ ಚಮಚದ ಹಿಡಿಯಲ್ಲಿ ತೆಳ್ಳಗೆ ಒಂದು ಪದರ ತುಂಬಿದೆ. ಅದು ಒಣಗಿದ ಮೇಲೆ ಇನ್ನೊಂದು. ಒಂದೇ ಸಲ ದಪ್ಪಗೆ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಚಪ್ಪಟೆಯಾಗಿ ಒಣಗಿದರೆ ಮಂಡಿಯ ಮೇಲೆ ಬಾಗುವಾಗ ಮತ್ತೆ ಒಡೆಯುತ್ತದೆಂದು, ಸಂತೆಯಲ್ಲಿ ಒಂದು ಸಣ್ಣ ಮಣ್ಣಿನ ಕುಡಿಕೆ ತಂದು ಅದರ ಹೊಟ್ಟೆಯ ಮೇಲೆ ಕವಚವನ್ನು ಕಟ್ಟಿ ಒಣಗಿಸಿದೆ. ಆಮೇಲೆ ನುಣ್ಣನೆಯ ಉಪ್ಪುಕಾಗದದಿಂದ ತಿಕ್ಕಿ ಸುತ್ತಲಿನ ಚರ್ಮದ ಮಟ್ಟಕ್ಕೆ ತಂದು, ಹರಳೆಣ್ಣೆ ಕುಡಿಸಿ, ಪಾಲಿಶ್ ಹಾಕಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸೀಳು ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಅವತ್ತು ನನಗಾದ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕವಚವನ್ನು ಕಟ್ಟಿಕೊಂಡು ರೂಮಿನಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆದೆ.

ಅಂಟಿನ ವಾಸನೆ ನಡುಮನೆಗೆ ಹೋಗಿರಬೇಕು. ಬಾಗಿಲಾಚೆಯಿಂದ ಮನೆಯಮ್ಮನ ದನಿ ಬಂತು.

"ಏನವ್ವಾ, ಬಾಗ್ಲು ಹಾಕ್ಕಂಡು ಏನ್ ಮಾಡ್ತಿದೀಯ?"

"ಕಾಲು ರಿಪೇರಿ ಮಾಡ್ತಿದೀನಮ್ಮ."

ಮುಂದಿನ ಭಾನುವಾರ ಹೊಸ್ತಿಲ ಮೇಲೆ ಸಣ್ಣ ಬಾಟಲಿಯಲ್ಲಿ ಹರಳೆಣ್ಣೆ ಇತ್ತು. "ತಲಿಗೆ ಅಂತ ಕೊಟ್ಟೀನಿ. ನೀನು ಎದಕ್ಕಾದ್ರೂ ಹಚ್ಕ" ಅಂದರು. ಅವರ ಮನೆಯಲ್ಲೇ ಕಾಯಿಸಿದ ಎಣ್ಣೆ. ಅಂಗಡಿಯದಕ್ಕಿಂತ ಮಂದವಾಗಿತ್ತು, ಚರ್ಮಕ್ಕೆ ಚೆನ್ನಾಗಿ ಇಳಿಯುತ್ತಿತ್ತು.

ಆಮೇಲೆ ತೊಡೆಯ ಪಟ್ಟಿ, ಬೂಟಿನ ಬೆರಳು ಮಡಚುವ ಜಾಗ, ಹಿಮ್ಮಡಿಯ ಅಂಚು ಎಲ್ಲವನ್ನೂ ಒಂದೊಂದಾಗಿ ತುಂಬಿದೆ. ಭಾನುವಾರಗಳಿಗೆ ಒಂದು ಕೆಲಸವಾಯಿತು.

ಅದಾಗಿ ಒಂದೆರಡು ವರ್ಷಕ್ಕೆ ನಮ್ಮ ಕಚೇರಿಗೆ ಒಬ್ಬರು ಬಂದರು. ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಯಾವುದೋ ಸಹಿಗಾಗಿ ಬಂದಿದ್ದರು. ಸಾಹೇಬರು ಇರಲಿಲ್ಲ, ಕಾಯಬೇಕಿತ್ತು. ನನ್ನ ಮೇಜಿನ ಎದುರಿನ ಬೆಂಚಿಗೆ ಬಂದು, ಬಲಮಂಡಿಯ ಪಕ್ಕದಲ್ಲಿ ಪ್ಯಾಂಟಿನ ಮೇಲಿಂದಲೇ ಏನನ್ನೋ ಎತ್ತಿ ಸಡಿಲಿಸಿ, ಕಾಲು ಮಡಚಿ ಕುಳಿತರು. ಕೂರುವ ಮೊದಲು ಸರಳುಗಳ ಕೊಂಡಿ ಬಿಡಿಸಲು ನಾನು ಮಾಡುವುದೂ ಅದನ್ನೇ. ಬೇರೆ ಯಾರೂ ಹಾಗೆ ಮಾಡಿದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನೋಡುತ್ತಿದ್ದೇನೆಂದು ಅವರಿಗೂ ಗೊತ್ತಾಯಿತು. ಅವರು ನನ್ನ ಬೂಟು ನೋಡಿದರು.

"ನಿಮ್ದು ದುರ್ಗದ ಕ್ಯಾಂಪಿಂದೇ ಏನ್ರಿ?"

"ಹೌದ್ರಿ."

"ನಂದೂ ಅಲ್ಲೀದೇ. ಆದ್ರೆ ನಂದು ಎಲ್ಲಾ ಬಿರುಕು ಬಿಟ್ಟೈತೆ. ನಿಮ್ದು ಹೊಸದೇನ್ರಿ?"

"ಹೊಸದಲ್ಲ. ಬಿರುಕು ತುಂಬೀನಿ."

"ಯಾರ್ ತುಂಬಿಕೊಟ್ರು?"

"ನಾನೇ."

ಅವರು ಬಗ್ಗಿ ಮತ್ತೊಮ್ಮೆ ನೋಡಿದರು. ನನ್ನ ಬೂಟನ್ನು ಯಾರಾದರೂ ಹಾಗೆ ನೋಡಿದರೆ ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವತ್ತು ಎಳೆದುಕೊಳ್ಳಲಿಲ್ಲ.

ಮುಂದಿನ ಭಾನುವಾರ ತಮ್ಮ ಮಂಡಿಯ ಕವಚವನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅದು ಸರಿಯಾಗುವ ತನಕ ಇರಲಿ ಎಂದು ಹಳೆಯದೊಂದನ್ನು ಕಟ್ಟಿಕೊಂಡಿದ್ದರು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ನಾನು ತುಂಬುವುದನ್ನು ನೋಡಿದರು. ಮನೆಯಮ್ಮ ಹೊರಗೆ ಬಂದು, ಆತನ ಕಾಲನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ, ಎರಡು ಲೋಟ ಚಹಾ ತಂದಿಟ್ಟರು. ನಾವು ಮಾತಾಡಿದ್ದು ಬೇರೆಯವರಿಗೆ ಹೇಳಲಾಗದ ಮಾತುಗಳನ್ನು. ಮಳೆಗಾಲದಲ್ಲಿ ಬೂಟಿನೊಳಗೆ ಬರುವ ಬೂಸಲು. ಬಸ್ಸಿನಲ್ಲಿ ಒಂಟಿ ಸೀಟು ಸಿಗದಿದ್ದರೆ ಕಾಲನ್ನು ಎಲ್ಲಿ ಚಾಚುವುದು ಎಂಬ ಚಿಂತೆ. ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದೆ, ಹಸಿವಿಲ್ಲ ಎನ್ನುವುದು. ಅವರೂ ಹಾಗೆ ಎಷ್ಟೋ ಮದುವೆಗಳಿಂದ ಹಸಿದು ಬಂದಿದ್ದರಂತೆ. ಅದನ್ನು ಕೇಳಿ ನಾನು ನಕ್ಕೆ. ಆ ರೂಮಿಗೆ ಬಂದ ಮೇಲೆ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಬೇರೆಯವರ ಚರ್ಮವನ್ನು ಕೈಯಲ್ಲಿ ಹಿಡಿಯುವುದು ನನ್ನದನ್ನು ಹಿಡಿದಂತಲ್ಲ. ಅವರು ಹೋದ ಮೇಲೆ ಕವಚವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೈಭಾರವನ್ನು ಒಳಗಡೆಗೆ ಹಾಕುತ್ತಾರೆಂದು ಅಲ್ಲಿ ಸವೆದ ಹೊಳಪಿನಿಂದ ಗೊತ್ತಾಗುತ್ತಿತ್ತು. ಬೆವರಿನ ಕಪ್ಪು ಗುರುತು ಒಂದು ಪಕ್ಕಕ್ಕೇ ಹೆಚ್ಚಾಗಿತ್ತು. ನಿಂತು ನಿಂತು ಸಾಕಾಗಿ ಕೌಂಟರಿಗೆ ಒರಗುವಾಗ ತಾಗುವ ಜಾಗದಲ್ಲಿ ಗೀರುಗಳಿದ್ದವು. ಆ ಮನುಷ್ಯನ ದಿನವೆಲ್ಲ ಅದರಲ್ಲಿತ್ತು. ನಾನು ಅವಸರ ಮಾಡದೆ ತೆಳ್ಳತೆಳ್ಳಗೆ ಪದರ ಹಾಕಿದೆ.

ಅದಾದ ಮೇಲೆ ತೊಡೆಯ ಪಟ್ಟಿ ತಂದರು. ಆಮೇಲೆ ಬೂಟು, ಮತ್ತೊಂದು ಸಲ ಹಳೆಯ ಕ್ಯಾಲಿಪರಿನ ಕವಚ. ಚಿಕ್ಕಜಾಜೂರಿನಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ಮೆಣಸಿನಕಾಯಿ ಬೋಂಡಾ ತರುತ್ತಿದ್ದರು. ಒಂದು ಭಾನುವಾರ ಕವಚದ ಪಟ್ಟಿಯೊಂದನ್ನು ತಂದರು.

"ಇದೂ ಹರೀತು ನೋಡ್ರಿ."

ಕೈಗೆ ತೆಗೆದುಕೊಂಡು ನೋಡಿದೆ. ಚರ್ಮ ತಾನಾಗಿ ಬಿರುಕು ಬಿಟ್ಟರೆ ಅಂಚು ಕಚ್ಚಿದಂತೆ ಸೊಟ್ಟಗಿರುತ್ತದೆ, ಸುತ್ತ ಸಣ್ಣ ಗೆರೆಗಳು ಎದ್ದಿರುತ್ತವೆ. ಇದು ನೇರವಾಗಿ, ಸ್ವಚ್ಛವಾಗಿ ಸೀಳಿತ್ತು. ಬ್ಲೇಡಿನಿಂದ ಕೊಯ್ದದ್ದು. ತಲೆ ಎತ್ತಿದರೆ ಅವರು ಬೀದಿಯ ಕಡೆ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

"ಆಗಲಿ, ತುಂಬ್ತೀನಿ. ಒಣಗೋಕೆ ಟೈಮ್ ಬೇಕು. ಮುಂದಿನ ವಾರ ಬರ್ರಿ" ಅಂದೆ.

ಆ ವಾರ ನಾನು ಬಹಳ ಚೆನ್ನಾಗಿದ್ದೆ. ಕಚೇರಿಯಲ್ಲಿ ಟೈಪ್ ಮಾಡುತ್ತಾ ಒಬ್ಬಳೇ ನಗುತ್ತಿದ್ದೆನೆಂದು ಪಕ್ಕದ ಮೇಜಿನವರು ಹೇಳಿದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅವರ ತಾಯಿ ಬಂದರು. ತಲೆ ತುಂಬ ಸೆರಗು ಹೊದ್ದ, ಬಿಸಿಲಲ್ಲಿ ನಡೆದು ಬಂದು ಸುಸ್ತಾಗಿದ್ದ ಹೆಂಗಸು. ಯಾರ ತಾಯಿ ಎಂದು ಅವರೇ ಹೇಳಿದರು. ನೀರು ಕೊಟ್ಟೆ. ಕುಡಿದು, ನಾನು ಲೋಟ ಒಳಗಿಟ್ಟು ಬರುವ ತನಕ ನನ್ನ ನಡಿಗೆಯನ್ನೇ ನೋಡಿದರು.

"ನನ್ ಮಗ ನಿನ್ ವಿಷ್ಯ ಹೇಳಿದ ಕಣವ್ವಾ. ಒಳ್ಳೇ ಹುಡುಗಿ ಅಂದ. ಅದ್ರಾಗೇನೂ ಸುಳ್ಳಿಲ್ಲ, ನೋಡಿದ್ರೇ ಗೊತ್ತಾಗ್ತೈತೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಆದ್ರೆ ಇಬ್ರೂ ಹಿಂಗೇ ಆದ್ರೆ ಒಂದು ಕೊಡ ನೀರು ತರೋರು ಯಾರು ಹೇಳು? ನಾನೆಷ್ಟು ದಿನ ಇರ್ತೀನಿ?"

"ನಾನು ದಿನಾ ತರ್ತೀನಮ್ಮ. ಅರ್ಧರ್ಧ ಕೊಡ ತರ್ತೀನಿ" ಅಂದೆ.

"ಇವತ್ತು ತರ್ತೀಯ. ಮಗು ಸೊಂಟದ ಮ್ಯಾಲೆ ಕುಂತ್ರೆ ಹೆಂಗೆ ತರ್ತೀಯ?" ಅವರು ನನ್ನ ಕೈ ಹಿಡಿದುಕೊಂಡರು. "ಸಿಟ್ಟಾಗ್ಬ್ಯಾಡ. ನನ್ ತಮ್ಮನ ಮಗಳು ಅವ್ಳೆ. ಅವನ್ನ ಒಪ್ಕಂಡವ್ಳೆ. ಕೈಕಾಲು ಗಟ್ಟಿ ಅವೆ. ನೀನೇ ಅವನಿಗೊಂದು ಮಾತು ಹೇಳು, ನಿನ್ ಮಾತು ಕೇಳ್ತಾನೆ."

ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಗನನ್ನು ಚಿಕ್ಕಂದಿನಲ್ಲಿ ಹೊತ್ತು ತಿರುಗಿದ ಬೆನ್ನು ಅದು, ಈಗ ಬಾಗಿತ್ತು. ಹೊರಡುವಾಗ ಆ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ.

ಆತ ಆಮೇಲೆ ಒಂದೇ ಸಲ ಬಂದರು. ಕೈಯಲ್ಲಿ ಚೀಲವಿರಲಿಲ್ಲ. ಕಟ್ಟೆಯ ಮೇಲೆ ಕುಳಿತರು.

"ಅಮ್ಮ ಬಂದಿದ್ಳಂತೆ."

"ಬಂದಿದ್ರು."

"ನೀವೇನಂತೀರಿ?"

"ನೀವೇನಂತೀರಿ ಹೇಳ್ರಿ."

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅಮ್ಮ ಒಂದೇ ಸಮ ಅಳ್ತಾಳೆ" ಅಂದರು. ಇನ್ನೇನೋ ಹೇಳುತ್ತಾರೆಂದು ನಾನು ಕಾದೆ. ನಾನು ಏನಾದರೂ ಹೇಳುತ್ತೇನೆಂದು ಅವರೂ ಕಾದಿರಬಹುದು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಬಹಳ ಹೊತ್ತಾದ ಮೇಲೆ ಅವರು ಎದ್ದು, ಮಂಡಿಯ ಹತ್ತಿರ ಕೈ ಇಟ್ಟು ಕಾಲು ನೆಟ್ಟಗೆ ಮಾಡಿಕೊಂಡು, "ಬರ್ತೀನ್ರಿ" ಅಂದರು. "ಹೂಂ" ಅಂದೆ. ತಿರುವಿನ ತನಕ ನೋಡುತ್ತಾ ನಿಂತೆ. ನಾನು ತುಂಬಿದ್ದ ಬೂಟು ಚೆನ್ನಾಗಿಯೇ ಬಾಗುತ್ತಿತ್ತು.

ಅವರ ಮದುವೆಯಾದದ್ದು, ಆಮೇಲೆ ಅರಸೀಕೆರೆ ಕಡೆಗೆ ವರ್ಗವಾದದ್ದು, ಒಂದು ಹೆಣ್ಣುಮಗುವಾದದ್ದು, ಎಲ್ಲ ಕಚೇರಿಗೆ ಬರುವವರ ಬಾಯಿಂದ ಒಂದೊಂದಾಗಿ ತಿಳಿಯಿತು. ಮೊದಲ ಕೆಲವು ತಿಂಗಳು ನನ್ನ ಭಾನುವಾರಗಳು ಹಾಳಾದವು. ಅಂಟಿನ ಡಬ್ಬಿ ತೆರೆದರೆ ಅಂಟು ಗಟ್ಟಿಯಾಗಿರುತ್ತಿತ್ತು. ನನ್ನ ಕ್ಯಾಲಿಪರನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದೆ. ಇಲ್ಲದಿದ್ದರೂ ಎಲ್ಲಾದರೂ ಕೆರೆದು ಮತ್ತೆ ತುಂಬುತ್ತಿದ್ದೆ. ಬೋಂಡಾದ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಮನೆಯಮ್ಮ ಆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಟ್ಟೆಯ ಮೇಲೆ ಮೆಣಸಿನಕಾಯಿ ಹರವಿಕೊಂಡು, ತೊಟ್ಟು ಬಿಡಿಸುತ್ತಾ, ಆತ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ತಾವು ಕೂರತೊಡಗಿದರು.

ಅಣ್ಣ ಎರಡು ಸಲ ಸಂಬಂಧ ತಂದ. ಒಬ್ಬ ಹೆಂಡತಿ ತೀರಿಕೊಂಡವನು, ಇನ್ನೊಬ್ಬ ನನ್ನ ನೌಕರಿಯನ್ನಷ್ಟೇ ವಿಚಾರಿಸಿದವನು. ಬೇಡವೆಂದೆ. ಆಮೇಲೆ ಅವನೂ ತರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ದುರ್ಗದಲ್ಲಿ ಮತ್ತೆ ಶಿಬಿರ ನಡೆದಾಗ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದುಕೊಂಡರು. ಕೆಲವು ವಾರ ಬಿಟ್ಟು ಹೋದರೆ ಬಿಳಿಯ ಪ್ಲಾಸ್ಟಿಕ್ಕಿನ ಹೊಸ ಕ್ಯಾಲಿಪರ್ ಸಿದ್ಧವಾಗಿತ್ತು. ಚರ್ಮವೇ ಇರಲಿಲ್ಲ. ಬೂಟು ಕೂಡ ಬೇಕಿರಲಿಲ್ಲ, ಯಾವ ಚಪ್ಪಲಿಯನ್ನಾದರೂ ಹಾಕಿಕೊಳ್ಳಬಹುದಿತ್ತು. ಕೈಯಲ್ಲಿ ಎತ್ತಿದರೆ ಹಗುರ. ಕಟ್ಟಿಕೊಟ್ಟ ಹುಡುಗಿ ನನ್ನ ಹಳೆಯದನ್ನು ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ ಮೇಡಂ. ಮನೆಗೆ ತಗಂಡು ಹೋಗ್ತೀರಾ, ಇಲ್ಲೇ ಬಿಡ್ತೀರಾ?" ಎಂದು ಕೇಳಿದಳು. ಕ್ಷಣ ಯೋಚಿಸಿ, ಅಲ್ಲೇ ಬಿಟ್ಟೆ. ಮೂಲೆಯಲ್ಲಿ ಬೇರೆಯವರು ಬಿಟ್ಟುಹೋದ ಅಂಥವೇ ಒಂದರ ಮೇಲೊಂದು ಬಿದ್ದಿದ್ದವು. ಹೊರಗೆ ಬಂದು ಬಸ್ಸಿನಲ್ಲಿ ಕುಳಿತಾಗ ಕಾಲಿನ ಭಾರ ಕಾಣೆಯಾದದ್ದು ವಿಚಿತ್ರವಾಗಿತ್ತು. ಕಿಟಕಿಯಾಚೆ ನೋಡುತ್ತಾ ಹೊಳಲ್ಕೆರೆ ಬರುವ ತನಕ ಅತ್ತೆ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಸಂಜೆ ಮನೆ ತಲುಪಿ ಬಾಗಿಲು ತೆರೆದು, ಮುಖ ತೊಳೆದು ಕುಳಿತೆ. ದಿನಾ ಆ ಹೊತ್ತಿಗೆ ಹೊಸ್ತಿಲ ಮೇಲೆ ಬಂದಿರುತ್ತಿದ್ದ ಚಹಾದ ಲೋಟ ಬರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡು, "ಅಮ್ಮಾ" ಎಂದು ನಡುಬಾಗಿಲು ತಟ್ಟಿದೆ. ಆಕೆ ಗಾಬರಿಯಾಗಿ ಬಂದರು.

"ಯಾವಾಗ ಬಂದ್ಯವ್ವಾ ನೀನು?"

"ಆಗಲೇ ಬಂದೆನಮ್ಮ."

"ಸದ್ದೇ ಆಗ್ಲಿಲ್ವಲ್ಲ. ನಿನ್ ಕಬ್ಬಿಣದ ಸದ್ದು ತಿರುವಿನಾಗೇ ಕೇಳ್ತಿತ್ತು. ಅದು ಕೇಳಿದ್ ಮ್ಯಾಲೇ ನಾನು ಚಾಕ್ಕೆ ನೀರಿಡ್ತಿದ್ದದ್ದು." ಆಕೆ ನನ್ನ ಪಾದದ ಕಡೆ ನೋಡಿದರು. ರಬ್ಬರಿನ ಸಾದಾ ಚಪ್ಪಲಿಯನ್ನು ನಾನು ಹೊರಗೇ ಬಿಟ್ಟಿದ್ದೆ. ಆಕೆ ಬಾಗಿಲ ರೆಕ್ಕೆಯನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು. "ಬಾ, ಒಳಗೆ ಕುಂತ್ಕ. ಈಗ ಇಡ್ತೀನಿ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ನಡುಮನೆಗೆ ಹೋದೆ. ಗೋಡೆಗೆ ಒರಗಿಸಿದ ಮಣೆ, ತೀರಿಕೊಂಡ ಯಜಮಾನರ ಫೋಟೋ, ಒಲೆಯ ಪಕ್ಕದಲ್ಲಿ ಒಂದೇ ತಟ್ಟೆ, ಒಂದೇ ಲೋಟ. ನನ್ನ ರೂಮಿನಲ್ಲಿ ಇದ್ದ ಹಾಗೆಯೇ. ಆಕೆ ಬೆನ್ನು ತಿರುಗಿಸಿ ಬೆಲ್ಲ ಕುಟ್ಟುತ್ತಿದ್ದರು. ನಾನು ಕುರ್ಚಿಯ ಮೇಲೆ ಕುಳಿತು, ದಿನಾ ಸಂಜೆ ಈ ಒಲೆಯ ಮುಂದೆ ನಿಂತು ಯಾರೋ ನಾನು ಬರುವ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರೆಂದು ನನಗೆ ಯಾಕೆ ಹೊಳೆಯಲಿಲ್ಲವೋ ಎಂದುಕೊಂಡೆ.

ಮರುದಿನದಿಂದ ಮನೆಗೆ ಬಂದಾಗ ಗೇಟಿನ ಚಿಲಕವನ್ನು ಸ್ವಲ್ಪ ಜೋರಾಗಿಯೇ ತೆಗೆಯತೊಡಗಿದೆ.